ತವರಿನ ಓಟು

ಮದುವೆಯಾಗಿ ಕೆಂಗೇರಿ ಕಡೆಗೆ ಬಂದ ಮೇಲೆ ನನ್ನ ಹೆಸರು ಒಂದೊಂದೇ ಕಡೆಯಿಂದ ಬಿಡಿಸಿಕೊಂಡು ನನ್ನ ಹಿಂದೆಯೇ ಬಂತು. ರೇಷನ್ ಕಾರ್ಡಿಗೆ ಬಂತು, ಗ್ಯಾಸ್ ಪುಸ್ತಕಕ್ಕೆ ಬಂತು, ಬ್ಯಾಂಕಿಗೆ, ಆಧಾರಿಗೆ, ಕೊನೆಗೆ ದೂರದ ನೆಂಟರ ಮದುವೆ ಕರೆಯೋಲೆಗಳ ಮೇಲಿನ ವಿಳಾಸಕ್ಕೂ ಬಂತು. ಬಾರದೆ ಉಳಿದದ್ದು ಓಟಿನ ಪಟ್ಟಿ ಒಂದೇ. ಅದರಲ್ಲಿ ಮಾತ್ರ ನಾನು ಇಪ್ಪತ್ತು ವರ್ಷ ಕಳೆದರೂ ವಿಜಯನಗರದ ಮನೆಯಲ್ಲೇ ಇದ್ದೆ. ಹೆಸರಿನ ಕೆಳಗೆ ಅಪ್ಪನ ಹೆಸರು, ಪಕ್ಕದಲ್ಲಿ ಕಾಲೇಜು ಮುಗಿಸಿದ ವರ್ಷ ತೆಗೆದ ಫೋಟೊ. ಆ ಫೋಟೊ ಎಷ್ಟು ಕಪ್ಪಾಗಿ ಬಂದಿದೆಯೆಂದರೆ, ಬೂತಿನಲ್ಲಿ ಅದನ್ನು ನೋಡಿದವರು ನನ್ನ ಮುಖ ನೋಡುವ ಗೋಜಿಗೆ ಹೋಗದೆ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಇದು ತಪ್ಪು ಅಂತ ಗೊತ್ತಿತ್ತು. ಇರುವ ಕಡೆ ಓಟಿರಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಚಂದ್ರಾ ಲೇಔಟಿನಲ್ಲಿರುವ ನಮ್ಮಕ್ಕನ ಹೆಸರೂ ಅಲ್ಲೇ ಇತ್ತು, ಬಸವೇಶ್ವರನಗರಕ್ಕೆ ಸೊಸೆಯಾಗಿ ಹೋದ ತಂಗಿಯ ಹೆಸರೂ ಅಲ್ಲೇ ಇತ್ತು. ಯಾರೂ ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಯಾಕೆ ಅನ್ನುವುದು ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಯುಗಾದಿಗೆ ನಮ್ಮ ನಮ್ಮ ಮನೆಯಲ್ಲಿ ಒಬ್ಬಟ್ಟು ತಟ್ಟಬೇಕು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ, ನಾವು ಹೋಗುವುದಿಲ್ಲ. ದೀಪಾವಳಿಗೆ ಹೋದರೂ ಅಳಿಯಂದಿರ ಸಮೇತ ಹೋಗಬೇಕು, ಹೋದಮೇಲೆ ಅವರಿಗೆ ಬಡಿಸುವುದರಲ್ಲೇ ದಿನ ಮುಗಿಯುತ್ತದೆ. ಬೇಸಿಗೆ ರಜೆ ಮಕ್ಕಳದ್ದು. ಗಂಡ ಮಕ್ಕಳು ಯಾರೂ ಜೊತೆಗಿಲ್ಲದೆ ಮೂವರು ಹೆಣ್ಣುಮಕ್ಕಳು ಒಂದೇ ದಿನ ಅಮ್ಮನ ಅಡುಗೆಮನೆಯಲ್ಲಿ ಕೂರುವಂಥ ದಿನ ಇಡೀ ಪಂಚಾಂಗದಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದನ್ನು ನಮಗೆ ಕೊಟ್ಟಿದ್ದು ಚುನಾವಣೆ. ಓಟು ಹಾಕಲು ಹೋಗುತ್ತೇನೆ ಅಂದರೆ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ, ಮಕ್ಕಳೂ ಬರುತ್ತೇವೆಂದು ಹಟ ಹಿಡಿಯುವುದಿಲ್ಲ.

ಹಾಗಾಗಿ ರಾಜ್ಯದಲ್ಲಿ ಯಾವ ಸರ್ಕಾರ ಬಿದ್ದರೂ ನಮ್ಮ ಮನೆಯಲ್ಲಿ ಬೇಸರವಾಗುತ್ತಿರಲಿಲ್ಲ. ಮಧ್ಯಂತರ ಚುನಾವಣೆ ಬರಬಹುದು ಅಂತ ಟಿವಿಯಲ್ಲಿ ಅಂದರೆ ಅಮ್ಮ ಉದ್ದಿನಬೇಳೆ ತರಿಸಿಡುತ್ತಿದ್ದಳು.

ಅಪ್ಪ ಓಟು ಹಾಕುತ್ತಿರಲಿಲ್ಲ. ಮೈಸೂರು ರಸ್ತೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ ರಿಟೈರಾದವರು. ಒಂದು ಕಾಲದಲ್ಲಿ ಬೆಳಗ್ಗೆ ಏಳಕ್ಕೇ ಹೋಗಿ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದರಂತೆ. ಗೆದ್ದ ಶಾಸಕರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಕರೆದುಕೊಂಡು ಹೋದ ಫೋಟೊ ಪೇಪರಿನಲ್ಲಿ ನೋಡಿದ ಮೇಲೆ ನಿಲ್ಲಿಸಿಬಿಟ್ಟರು. ನಾನು ಕಳಿಸಿದ್ದು ವಿಧಾನಸೌಧಕ್ಕೆ, ಅವನು ಹೋಗಿದ್ದು ಈಜುಕೊಳಕ್ಕೆ ಅನ್ನುತ್ತಿದ್ದರು. ಚುನಾವಣೆ ದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಓಟು ಹಾಕಿ ಬರುವವರಿಗೆಲ್ಲ, ಏನು ಸಾರ್, ಈ ಸಲ ಯಾವ ರೆಸಾರ್ಟು ಅಂತ ಕೇಳುವುದು ಅವರ ಕೆಲಸ.

ಅಮ್ಮನಿಗೂ ಎಲ್ಲರೂ ಕಳ್ಳರೇ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಅವಳ ತೀರ್ಮಾನ ಬೇರೆ. ಕಳ್ಳರಲ್ಲಿ ಒಬ್ಬನನ್ನು ಆರಿಸುವ ಪಾಪ ನಮಗೆ ಯಾಕೆ, ದೇವರೇ ಆರಿಸಿಕೊಳ್ಳಲಿ ಅಂತ. ಓಟಿಗೆ ಹೊರಡುವ ಮೊದಲು ತಂಗಿ ಕ್ಯಾಲೆಂಡರಿನ ಹಿಂಬದಿಯ ಹಾಳೆ ಹರಿದು ನಾಲ್ಕು ಚೀಟಿ ಬರೆಯುತ್ತಿದ್ದಳು. ಮೂರು ಚೀಟಿ ಮೂರು ದೊಡ್ಡ ಪಕ್ಷಗಳಿಗೆ. ನಾಲ್ಕನೆಯದು ಪಕ್ಷೇತರರಲ್ಲಿ ಯಾರ ಗುರುತು ಚೆನ್ನಾಗಿದೆಯೋ ಅವರಿಗೆ. ಒಂದು ಸಲ ಹೊಲಿಗೆ ಯಂತ್ರ, ಒಂದು ಸಲ ಪ್ರೆಷರ್ ಕುಕ್ಕರ್. ಚೀಟಿಗಳನ್ನು ಮಡಿಸಿ ತೀರ್ಥದ ಬಟ್ಟಲಿಗೆ ಹಾಕಿ ದೇವರ ಮುಂದಿಟ್ಟು ನಾವು ನಾಲ್ವರೂ ಒಂದೊಂದು ಎತ್ತುತ್ತಿದ್ದೆವು. ಬಂದ ಗುರುತಿಗೆ ಹೋಗಿ ಒತ್ತುವುದು. ಯಾರ ಚೀಟಿಯವನು ಗೆಲ್ಲುತ್ತಾನೋ ಅವಳಿಗೆ ಉಳಿದವರು ಸೇರಿ ಅಕ್ಕನ ಮನೆ ಹತ್ತಿರದ ದರ್ಶಿನಿಯಲ್ಲಿ ಮಸಾಲೆ ದೋಸೆ ಕೊಡಿಸಬೇಕು. ಅಮ್ಮನಿಗೆ ಮೂರು ಸಲ ಪಕ್ಷೇತರನೇ ಬಂದು, ದೇವರು ತನ್ನನ್ನು ರಾಜಕೀಯದಿಂದ ದೂರ ಇಟ್ಟಿದಾನೆ ಅಂತ ಹೆಮ್ಮೆಪಟ್ಟುಕೊಂಡಳು.

ಒಂದು ಸಲ ಮಾತ್ರ ಜಗಳವಾಯಿತು. ಯಾವ ಚುನಾವಣೆ, ಯಾರು ಅಂತ ಬರೆಯುವುದಿಲ್ಲ. ಬರೆಯದಿದ್ದರೆ ಓದುವವರಿಗೆ ತಮ್ಮ ತಮ್ಮ ಕಡೆಯ ಒಬ್ಬೊಬ್ಬರು ನೆನಪಾಗುತ್ತಾರೆ, ಅದೇ ಒಳ್ಳೆಯದು. ತಂಗಿಯ ಚೀಟಿಯವನು ಗೆದ್ದ. ಅವಳು ದೋಸೆ ತಿಂದು ಕೈ ತೊಳೆದು ಎಷ್ಟೋ ತಿಂಗಳಾಗಿತ್ತು. ಆತ ರಾಜೀನಾಮೆ ಕೊಟ್ಟು ಅಕ್ಕನ ಚೀಟಿಯ ಪಕ್ಷಕ್ಕೆ ಹೋಗಿಬಿಟ್ಟ. ಅಕ್ಕ ಅವತ್ತೇ ಫೋನ್ ಮಾಡಿದಳು. ಈಗ ಅವನು ನನ್ನವನು, ದೋಸೆ ನನಗೆ ಬರಬೇಕು ಅಂತ. ತಿಂದ ದೋಸೆ ಹೇಗೆ ವಾಪಸ್ ಕೊಡಲಿ ಅಂತ ತಂಗಿ. ವಾರಗಟ್ಟಲೆ ಎಳೆದಾಟವಾಗಿ ಕೊನೆಗೆ ಅಪ್ಪನ ಹತ್ತಿರ ನ್ಯಾಯಕ್ಕೆ ಹೋಯಿತು. ಅಪ್ಪ ಪೇಪರ್ ಕೆಳಗಿಟ್ಟು, ಇಬ್ಬರೂ ಸೇರಿ ನನಗೆ ಒಂದು ಕೊಡಿಸಿ, ಮೋಸ ಹೋಗದವನು ಓಟೇ ಹಾಕದ ನಾನೊಬ್ಬನೇ ಅಂದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಕ್ಲಾಸ್ ಲೀಡರ್ ಆರಿಸುವಾಗ ಸಿಸ್ಟರ್ ನಮ್ಮೆಲ್ಲರನ್ನೂ ಡೆಸ್ಕಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಸಿ ಕೈ ಎತ್ತಿಸುತ್ತಿದ್ದರು. ಮರದ ವಾಸನೆ, ಶಾಯಿಯ ವಾಸನೆ ಮೂಗಿಗೆ ಬಡಿಯುತ್ತಿದ್ದ ಆ ಒಂದು ನಿಮಿಷದಲ್ಲಿ ನಾನು ಎಷ್ಟು ಯೋಚನೆ ಮಾಡುತ್ತಿದ್ದೆ! ಯಾರು ಡಸ್ಟರ್ ಕೊಡುವಾಗ ಎಸೆಯುವುದಿಲ್ಲ, ಯಾರು ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಸುಮ್ಮಸುಮ್ಮನೆ ಬರೆಯುವುದಿಲ್ಲ. ಹತ್ತು ವರ್ಷದವಳಾಗಿ ಕ್ಲಾಸ್ ಲೀಡರಿಗೆ ಮಾಡಿದ ಯೋಚನೆಯಲ್ಲಿ ಕಾಲುಭಾಗವನ್ನೂ ನಲವತ್ತು ದಾಟಿದ ಮೇಲೆ ಎಂಎಲ್ಎಗೆ ಮಾಡಿರಲಿಲ್ಲ.

ನಾವಿರುವ ಲೇಔಟ್ ಕೆಂಗೇರಿಯಿಂದ ಸ್ವಲ್ಪ ಒಳಗೆ. ನಮ್ಮ ಕ್ರಾಸಿನಲ್ಲಿ ಚುನಾವಣೆ ದಿನ ಬೆಳಗಿನಿಂದಲೇ ಕಾರುಗಳು ರಜೆ ಕಳೆಯಲು ಮೈಸೂರು ಕಡೆಗೆ ಹೊರಡುತ್ತಿದ್ದವು. ಉಳಿದವರು ಹತ್ತು ಗಂಟೆಯವರೆಗೆ ಮಲಗಿರುತ್ತಿದ್ದರು. ನಮ್ಮ ಮನೆಯವರ ಹೆಸರು ಇಲ್ಲಿನ ಪಟ್ಟಿಯಲ್ಲೇ ಇತ್ತು, ಬೂತು ನಡೆದುಹೋಗುವ ದೂರ, ಆದರೂ ಹೋಗುತ್ತಿರಲಿಲ್ಲ. ಆ ಮಸೀನ ಅವರ ಮುಖಕ್ಕೆ ಬಳಿಯೋದು ಬಿಟ್ಟು ನಮ್ಮ ಬೆರಳಿಗೆ ಬಳೀತಾರಲ್ಲ, ನನಗೆ ಅದು ಸರಿ ಕಾಣಲ್ಲ ಅನ್ನುತ್ತಿದ್ದರು.

ಒಂದು ದಸರಾ ಆದ ಮೇಲೆ ಚರಂಡಿ ಕೆಲಸಕ್ಕೆ ಅಂತ ಜನ ಬಂದರು. ರಸ್ತೆಯ ಎರಡೂ ಬದಿ ಅಗೆದರು, ಮನೆಗಳ ಮುಂದಿನ ಚಪ್ಪಡಿ ಕಲ್ಲುಗಳನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋದರು. ಆಮೇಲೆ ಬರಲಿಲ್ಲ. ಗೇಟಿಗೂ ರಸ್ತೆಗೂ ನಡುವೆ ಆಳೆತ್ತರದ ಗುಂಡಿ. ಪ್ರತಿ ಮನೆಯವರೂ ಕೈಗೆ ಸಿಕ್ಕಿದ್ದನ್ನು ಅಡ್ಡ ಹಾಕಿಕೊಂಡರು. ನಮ್ಮದು ಹಳೇ ಮಂಚದ ಹಲಗೆ. ಮೂಲೆ ಮನೆಯವರು ಬಚ್ಚಲುಮನೆಯ ಬಾಗಿಲನ್ನೇ ಮಲಗಿಸಿದ್ದರು, ಚಿಲಕ ಇನ್ನೂ ಹಾಗೇ ಇತ್ತು. ಹೂವಿನವಳು ಬುಟ್ಟಿ ಹೊತ್ತು ಅದರ ಮೇಲೆ ಬರುವಾಗ ಚಿಲಕಕ್ಕೆ ಸೀರೆಯ ಅಂಚು ಸಿಕ್ಕಿಕೊಂಡು ದಿನಾ ಬೈಯುತ್ತಿದ್ದಳು.

ಇಷ್ಟರಲ್ಲಿ ಒಂದು ಬೆಳಗ್ಗೆ ನೋಡಿದರೆ ಕ್ರಾಸಿನ ತುದಿಯಲ್ಲಿ ಹೊಸ ಬೋರ್ಡು. ಚರಂಡಿ ಕಾಮಗಾರಿ ಪೂರ್ಣಗೊಂಡಿದೆ ಅಂತ ಬರೆದು, ಮೇಲೆ ಸಾಲಾಗಿ ನಗುಮುಖಗಳು. ನೆಲ ಗಟ್ಟಿ ಇದ್ದ ಕಡೆ ಗುಂಡಿ ತೋಡುವುದು ಕಷ್ಟವಾಗಿರಬೇಕು, ಬೋರ್ಡಿನ ಕಾಲುಗಳನ್ನು ಅಗೆದ ಚರಂಡಿಯೊಳಗೇ ನೆಟ್ಟಿದ್ದರು. ನಮ್ಮ ಮನೆಯವರು ಫೋಟೊ ತೆಗೆದು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಎಲ್ಲರೂ ನಗುವ ಮುಖ ಒತ್ತಿದರು. ಅಲ್ಲಿಗೆ ಮುಗಿಯಿತು.

ನಮ್ಮೆದುರು ಮನೆಯಲ್ಲಿ ರಿಟೈರಾದ ಟೀಚರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ನಾವೆಲ್ಲ ಅವರನ್ನು ಮೇಡಂ ಅಂತಲೇ ಕರೆಯುವುದು. ಅವರ ಯಜಮಾನರಿಗೆ ನಡೆಯಲು ವಾಕರ್ ಬೇಕು. ನಾಲ್ಕು ಕಾಲಿನ ಆ ವಾಕರನ್ನು ಊರಿಕೊಂಡು ದಿನಾ ಬೆಳಗ್ಗೆ ಹಾಲಿನ ಬೂತಿನ ತನಕ ಹೋಗಿ, ಅಲ್ಲಿನ ಕಲ್ಲುಬೆಂಚಿನಲ್ಲಿ ಕೂತು, ಪೇಪರ್ ಓದುವವರ ಜೊತೆ ನಾಲ್ಕು ಮಾತಾಡಿ ಬರುತ್ತಿದ್ದರು. ಅವರ ದಿನ ಅಂದರೆ ಅದೇ. ಹಲಗೆಯ ಮೇಲೆ ವಾಕರ್ ನಿಲ್ಲುವುದಿಲ್ಲ. ಅವತ್ತಿನಿಂದ ಅವರು ಗೇಟಿನ ಒಳಗೇ ಕುರ್ಚಿಯಲ್ಲಿ ಕೂರತೊಡಗಿದರು. ನಾನು ರಂಗೋಲಿ ಹಾಕುವಾಗ ನೋಡುತ್ತಿದ್ದೆ, ಇಸ್ತ್ರಿ ಅಂಗಿ, ಕಾಲುಚೀಲ, ಶೂ ಎಲ್ಲ ಮೊದಲಿನಂತೆಯೇ ಹಾಕಿಕೊಂಡಿರುತ್ತಿದ್ದರು. ಹೊರಡುವುದೊಂದು ಬಾಕಿ.

ಮೇಡಂ ಒಂದು ದಿನ ನನ್ನ ಹತ್ತಿರ ಬಂದು ಎಂಎಲ್ಎ ಆಫೀಸಿಗೆ ಅರ್ಜಿ ಬರೆದುಕೊಡಲು ಕೇಳಿದರು. "ಕನ್ನಡದಾಗ ನಾ ಬರೀತೀನಿ, ಇಂಗ್ಲಿಷಿನಾಗ ನೀವು ಬರೀರಿ. ಯಾವುದು ಓದ್ತಾರ ನೋಡೂಣು," ಅಂದರು.

ಎರಡನ್ನೂ ಓದಲಿಲ್ಲ. ನಾವು ಆರು ಜನ ಹೆಂಗಸರು ಹೋಗಿದ್ದೆವು. ಸಾಹೇಬರು ಊರಲ್ಲಿರಲಿಲ್ಲ. ಅವರ ಪಿ.ಎ. ಹಣೆಗೆ ಕುಂಕುಮ ಇಟ್ಟುಕೊಂಡ, ಎರಡು ಫೋನಿನ, ಐವತ್ತು ದಾಟಿದ ಮನುಷ್ಯ. ತುಂಬ ಮರ್ಯಾದೆಯಿಂದ ಕೂರಿಸಿದರು, ಕಾಫಿ ತರಿಸಿದರು. ನಾನು ಕಾನ್ವೆಂಟಿನ ಕೂಡುಬರಹದಲ್ಲಿ ಬರೆದಿದ್ದ ಅರ್ಜಿಯನ್ನು ಮಡಿಸಿ ಪೇಪರ್‌ವೆಯ್ಟ್ ಕೆಳಗಿಟ್ಟು, ವೋಟರ್ ಕಾರ್ಡ್ ಇದೆಯಾ ಅಂತ ಒಬ್ಬೊಬ್ಬರನ್ನೇ ಕೇಳಿದರು. ಕಾರ್ಡಿನ ನಂಬರನ್ನು ಫೋನಿನಲ್ಲಿ ಒತ್ತುವುದು, ಕನ್ನಡಕ ಮೇಲೆತ್ತಿ ನೋಡುವುದು, ವಾಪಸ್ ಕೊಡುವುದು. ಒಬ್ಬರದು ಇನ್ನೂ ಹಾಸನದಲ್ಲಿತ್ತು. ಒಬ್ಬರು ಮಾಡಿಸಿಯೇ ಇರಲಿಲ್ಲ. ಮೇಡಂ ಸೇರಿ ಮೂವರದು ಇಲ್ಲೇ ಇತ್ತು, ಆದರೆ ಓಟು ಹಾಕಿರಲಿಲ್ಲವೆಂದು ಅವರೇ ಮುಖ ಕೆಳಗೆ ಹಾಕಿಕೊಂಡರು. ನನ್ನದು ನೋಡಿ, ಇದು ವಿಜಯನಗರ ತೋರಿಸ್ತಾ ಇದೆಯಲ್ಲಮ್ಮ ಅಂದರು. ಅಲ್ಲಿನ ಪಟ್ಟಿಯಲ್ಲಿ ನನ್ನ ವಯಸ್ಸು ಎಷ್ಟು ಅಂತ ಓದಿ ಹೇಳುತ್ತಾರೇನೋ ಅಂತ ಒಂದು ಕ್ಷಣ ಭಯವಾಯಿತು.

ಆಮೇಲೆ ಪಿ.ಎ. ಫೋನ್ ಕೆಳಗಿಟ್ಟು ಸಮಾಧಾನವಾಗಿ ಹೇಳಿದರು. "ಬೇಜಾರ್ ಮಾಡ್ಕೋಬೇಡಿ ಅಮ್ಮ. ನಿಮ್ಮ ಕ್ರಾಸಲ್ಲಿ ಹೋದ ಸಲ ಓಟು ಹಾಕಿದೋರು ಬೆರಳೆಣಿಕೆ. ಹಿಂದಿನ ಕ್ರಾಸಲ್ಲಿ ಮನೆಮನೆಯವ್ರೂ ಬಂದು ಹಾಕಿದಾರೆ. ಹೋಗ್ತಾ ಹಂಗೇ ಅಲ್ಲಿ ಚರಂಡಿ ನೋಡ್ಕೊಂಡು ಹೋಗಿ."

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಂಗಡಿಯವನು ಈ ಸೈಜು ಬರಲ್ಲ ಅಂತ ಹೇಳುವ ಹಾಗಿತ್ತು. ಗೆದ್ದವರು ಎಲ್ಲರಿಗೂ ಶಾಸಕರಲ್ಲವೇ ಅಂತ ಕೇಳಬೇಕೆಂದುಕೊಂಡೆ. ನಾಲಿಗೆ ತುದಿಯವರೆಗೆ ಬಂತು. ಕಾಫಿ ಕಪ್ಪು ಕೆಳಗಿಟ್ಟು ಥ್ಯಾಂಕ್ಯೂ ಅಂದೆ.

ವಾಪಸ್ ಬರುವಾಗ ಹಿಂದಿನ ಕ್ರಾಸಿನಲ್ಲೇ ಬಂದೆವು. ಚಪ್ಪಡಿಗಳು ನೀಟಾಗಿ ಕೂತಿದ್ದವು. ಒಂದರ ಮೇಲೆ ತುಳಸಿ ಕುಂಡ, ಇನ್ನೊಂದರ ಮೇಲೆ ಯಾರೋ ಹಪ್ಪಳ ಒಣಗಲು ಹಾಕಿದ್ದರು. ಮೇಡಂ ಸ್ವಲ್ಪ ಹೊತ್ತು ಆ ಹಪ್ಪಳಗಳನ್ನು ನೋಡುತ್ತ ನಿಂತರು.

"ದೇವರಿಗೆ ಹೆದರಂಗಿಲ್ಲ, ಪೇಪರಿಗೆ ಹೆದರಂಗಿಲ್ಲ. ಇವರು ಎಣಿಸೂದು ಓಟೊಂದನ್ನ. ಅದನ್ನ ನಾವು ಮನ್ಯಾಗ ಇಟ್ಕೊಂಡು ಕುಂತೀವಲ್ರೀ," ಅಂದರು.

ನನಗೆ ಯಾರೋ ಹಿಡಿದು ನಿಲ್ಲಿಸಿ ಕೇಳಿದಂತಾಯಿತು. ಮನೆಯಲ್ಲಿಟ್ಟುಕೊಂಡವರಾದರೂ ವಾಸಿ, ನಾನು ಅದನ್ನು ತವರಿಗೆ ಹೋಗಿಬರುವ ಬಸ್ ಪಾಸಿನ ಹಾಗೆ ಬಳಸಿದ್ದೆ. ಬರುವ ಬೇಸಿಗೆಗೆ ವಿಧಾನಸಭೆ ಚುನಾವಣೆ ಇತ್ತು. ಅಷ್ಟರೊಳಗೆ ಹೆಸರನ್ನು ಕೆಂಗೇರಿಗೆ ತರಬೇಕು. ತಂದರೆ ಅಮ್ಮನ ಆ ಒಂದು ದಿನ ಏನಾಗುತ್ತದೆ?

ನಮ್ಮ ಮನೆಯವರಿಗೆ ಹೇಳಿದಾಗ, ಫೋನಿನಲ್ಲೇ ಆಗುತ್ತೆ, ಐದು ನಿಮಿಷದ ಕೆಲಸ ಅಂದರು. ಗಂಡಸರಿಗೆ ಇಂಥವು ಐದು ನಿಮಿಷದಲ್ಲೇ ಆಗುತ್ತವೆ. ನನಗೆ ಅಮ್ಮನಿಗೆ ಹೇಳಲಿಕ್ಕೇ ಸಂಕ್ರಾಂತಿಯವರೆಗೆ ಹಿಡಿಯಿತು.

ಸಂಕ್ರಾಂತಿ ಆದ ಮರುವಾರ, ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಹೋದೆ. ಅಮ್ಮ ನಡುಮನೆಯಲ್ಲಿ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ನಾನೂ ಎದುರಿಗೆ ಕೂತು ಹಿತಕಲು ಶುರುಮಾಡಿದೆ. ಬೆರಳಿನ ಸಂದಿಯಿಂದ ಕಾಳು ಪುಳಕ್ಕನೆ ಹಾರಿ ಪಾತ್ರೆಗೆ ಬೀಳುವುದು, ಸಿಪ್ಪೆ ಕೈಯಲ್ಲುಳಿಯುವುದು. ಆ ಕೆಲಸ ಮಾಡುವಾಗ ಮುಖ ನೋಡದೆ ಮಾತಾಡಬಹುದು, ಅದಕ್ಕೇ ಆ ಸಮಯ ಆರಿಸಿಕೊಂಡಿದ್ದೆ. ಚರಂಡಿ, ಹಲಗೆ, ವಾಕರ್, ಪಿ.ಎ. ಎಲ್ಲವನ್ನೂ ಹೇಳಿ, ಓಟು ಅಲ್ಲಿಗೆ ಹಾಕಿಸಿಕೊಳ್ಳುತ್ತೇನೆ ಅಂದೆ.

ಅಮ್ಮನ ಕೈ ನಿಲ್ಲಲಿಲ್ಲ. ಚರಂಡಿ ಎಷ್ಟು ಅಗಲ, ಆ ಯಜಮಾನರಿಗೆ ಮಕ್ಕಳೆಷ್ಟು, ಮೇಡಂ ಯಾವ ಕಡೆಯವರು, ಎಲ್ಲ ವಿಚಾರಿಸಿಕೊಂಡಳು. ಮುಷ್ಟಿಯಲ್ಲಿದ್ದ ಕಾಳು ಮುಗಿದ ಮೇಲೆ ಹೇಳಿದಳು.

"ಹಬ್ಬಕ್ಕೆ ಬರಕ್ಕಾಗಲ್ಲ ಅಂತೀಯ. ಇನ್ನು ಓಟಿಗೂ ಬರಲ್ಲ."

ಓಟು ಹಾಕಿದ ತಕ್ಷಣ ಮೆಟ್ರೋ ಹತ್ತಿ ಬರುತ್ತೇನೆ, ಊಟದ ಹೊತ್ತಿಗೆ ಇಲ್ಲಿರುತ್ತೇನೆ ಅಂದೆ.

"ಹಾಗೇ ಅಂದ್ಕೊಳ್ಳೋದು ಕಣೇ. ನೆಪ ಇಲ್ಲದಿದ್ರೆ ಯಾರೂ ಬರಲ್ಲ. ನಮ್ಮಮ್ಮನ ಮನೆಗೆ ನಾನೂ ಹೋಗ್ಲಿಲ್ಲ."

ಅಜ್ಜಿಯ ಮನೆ ಇದ್ದದ್ದು ಮಾಗಡಿ ರಸ್ತೆಯಲ್ಲಿ, ಅಲ್ಲಿಂದ ಒಂದು ಬಸ್ಸಿನ ದೂರ. ಅಮ್ಮ ಅದನ್ನು ಹೇಳಿ ಎದ್ದು, ಸಾರಿಗೆ ಹುಣಸೇಹಣ್ಣು ನೆನೆಹಾಕಲು ಒಳಗೆ ಹೋದಳು. ವರಾಂಡದಲ್ಲಿದ್ದ ಅಪ್ಪ ಪೇಪರಿನ ಹಾಳೆ ತಿರುಗಿಸಿದ ಸದ್ದು ಕೇಳಿತು. 

ನಾನು ಮನೆಗೆ ಬಂದು ಫಾರಂ ತುಂಬಲಿಲ್ಲ. ಇನ್ನೊಂದು ವಾರ ನೋಡೋಣ, ಅಷ್ಟರಲ್ಲಿ ಯಾರಾದರೂ ಬಂದು ಚಪ್ಪಡಿ ಹಾಕಿಬಿಟ್ಟರೆ ಒಳ್ಳೆಯದಾಯಿತಲ್ಲ ಅಂದುಕೊಂಡೆ. ಬೇಡದ ಕೆಲಸ ಬಂದಾಗ ಹೀಗೆ ದಿನ ತಳ್ಳುವುದು ನನಗೆ ಚೆನ್ನಾಗಿ ಬರುತ್ತದೆ.

ಫೆಬ್ರವರಿಯ ಒಂದು ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಎದುರು ಮನೆಯ ಗೇಟು ತೆಗೆದ ಸದ್ದಾಯಿತು. ಮೇಡಂ ಒಳಗಿದ್ದರೇನೋ, ಯಜಮಾನರು ಒಬ್ಬರೇ ಬಂದಿದ್ದರು. ವಾಕರಿನ ಮುಂದಿನ ಎರಡು ಕಾಲನ್ನು ಹಲಗೆಯ ಮೇಲಿಟ್ಟು, ಅದುಮಿ ನೋಡಿದರು. ಹಲಗೆ ಬಾಗಿತು. ಇನ್ನೂ ಸ್ವಲ್ಪ ಅದುಮಿದರು. ಆಮೇಲೆ ವಾಕರನ್ನು ಹಿಂದಕ್ಕೆಳೆದುಕೊಂಡು, ಅದರ ಕಾಲಿಗೆ ಹತ್ತಿದ್ದ ಮಣ್ಣನ್ನು ಕರ್ಚೀಫಿನಿಂದ ಒರೆಸಿ, ಗೇಟು ಹಾಕಿಕೊಂಡರು. ನಾನು ನೋಡಿದೆ ಅಂತ ಅವರಿಗೆ ಗೊತ್ತಾಗದಿರಲಿ ಅಂತ ಬಕೆಟ್ ತೆಗೆದುಕೊಂಡು ಒಳಗೆ ಬಂದುಬಿಟ್ಟೆ.

ಅವತ್ತು ಮಧ್ಯಾಹ್ನವೇ ಫಾರಂ ತುಂಬಿದೆ. ವಿಳಾಸಕ್ಕೆ ಒಂದು ಸಲ, ತಿದ್ದುಪಡಿಗೆ ಇನ್ನೊಂದು ಸಲ ತುಂಬಬೇಕಾಯಿತು. ತಿದ್ದುಪಡಿ ಯಾಕೆಂದರೆ, ಅದರಲ್ಲಿ ಸಂಬಂಧಿಕರ ಹೆಸರಿನ ಕಾಲಂ ಇತ್ತು. ತಂದೆ, ತಾಯಿ, ಗಂಡ, ಯಾರನ್ನಾದರೂ ಆರಿಸಬಹುದು. ನಮ್ಮ ಮನೆಯವರು ಫೋನ್ ಹಿಡಿದುಕೊಂಡು ಪಕ್ಕದಲ್ಲೇ ಇದ್ದರು, ಗಂಡ ಅನ್ನುವ ಕಡೆಗೆ ಅವರ ಬೆರಳು ಆಗಲೇ ಹೋಗಿತ್ತು. ನಾನು ತಡೆದು ತಾಯಿ ಅಂತ ಒತ್ತಿಸಿದೆ. ನಾನೇನು ಮಾಡಿದೆ ಅಂತ ಕೇಳಿದರು. ಓಟು ಹಾಕದವರ ಹೆಸರು ಓಟಿನ ಪಟ್ಟಿಯಲ್ಲಿ ಎರಡೆರಡು ಕಡೆ ಯಾಕೆ ಅಂದೆ. ಎದ್ದು ಹೋಗಿ ತಾವೇ ಕಾಫಿ ಮಾಡಿಕೊಂಡರು.

ಓಟಿನ ಪಟ್ಟಿಯ ವಿಚಾರಣೆಗೆ ಬಂದ ಅಂಗನವಾಡಿ ಟೀಚರ್ ನಮ್ಮ ಮಂಚದ ಹಲಗೆಯ ಮೇಲೆ ಎರಡು ಕೈ ಅಗಲಿಸಿಕೊಂಡು ಬಂದರು. ತಾಯಿ ಹೆಸರು ಹಾಕಿಸಿದೀರಲ್ಲ, ಯಾರೂ ಹಾಕಿಸಲ್ಲ ಅಂತ ಸಹಿ ಮಾಡಿಸಿಕೊಂಡು ಹೋದರು. ಹೊಸ ಪಟ್ಟಿ ಬಂದಾಗ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿಯ ಪಟ್ಟಿಯಿಂದ ನಾನು ಹೋದದ್ದನ್ನು ಅಕ್ಕ ಆಗಲೇ ಅವಳಿಗೆ ತೋರಿಸಿದ್ದಳಂತೆ, ನಿನ್ನ ಜಾಗದಲ್ಲಿ ಪಕ್ಕದ ಮನೆಯವನ ಹೆಸರು ಬಂದು ಕೂತಿದೆ ಅಂದಳು. ನನ್ನ ಹೆಸರಿನ ಕೆಳಗೆ ಈಗ ನಿನ್ನ ಹೆಸರಿದೆ ಅಂತ ಹೇಳಿದೆ. ಆ ಕಡೆ ಅಮ್ಮ ಫೋನಿನ ಮೇಲೆ ಕೈ ಮುಚ್ಚಿಕೊಂಡು ಅಪ್ಪನಿಗೆ ಏನೋ ಹೇಳಿದಳು. ಆಮೇಲೆ ದನಿ ಗಟ್ಟಿ ಮಾಡಿಕೊಂಡಳು.

"ಹಾಗಾದ್ರೆ ಅಲ್ಲಿ ಚೀಟಿ ಗೀಟಿ ಎತ್ತಿ ಹಾಕಬೇಡ. ನೋಡಿ ಹಾಕು. ನನ್ನ ಹೆಸರಿದೆ."

ಅಷ್ಟರಲ್ಲಿ ಮೇಡಂ ಬೀದಿಯ ಹೆಂಗಸರನ್ನೆಲ್ಲ ಹಿಡಿದು ಕೂರಿಸಿ ಹೆಸರು ಹಾಕಿಸಿದ್ದರು. ಮೂವತ್ತೈದು ವರ್ಷ ಮಕ್ಕಳ ಹಾಜರಿ ತೆಗೆದುಕೊಂಡವರು, ಅವರ ಕೈಯಿಂದ ತಪ್ಪಿಸಿಕೊಳ್ಳುವುದು ಯಾರಿಗೂ ಆಗಲಿಲ್ಲ. ಇದು ಹೇಗೆ ಗೊತ್ತಾಯಿತೋ, ಅಭ್ಯರ್ಥಿಗಳು ಹಿಂದೆಂದೂ ಬಾರದವರು ನಮ್ಮ ಕ್ರಾಸಿಗೆ ಬರತೊಡಗಿದರು. ಮೇಡಂ ಯಾರಿಗೂ ರಸ್ತೆಯಲ್ಲಿ ನಿಂತು ಮಾತಾಡಲು ಬಿಡಲಿಲ್ಲ. ಬಿಸಿಲಾಗ ಬಂದೀರಿ, ಒಳಗ ಬರ್ರಿ, ನೀರು ಕುಡೀರಿ ಅಂತ ಕೈ ಮುಗಿದು ಕರೆಯುತ್ತಿದ್ದರು. ಒಳಗೆ ಹೋಗಬೇಕೆಂದರೆ ಹಲಗೆ ದಾಟಬೇಕು.

ನಾನು ನಮ್ಮ ಕಿಟಕಿಯಲ್ಲಿ ನಿಂತು ಎಲ್ಲರನ್ನೂ ನೋಡಿದೆ. ಒಬ್ಬರು ಹಲಗೆ ನೋಡಿ, ಇನ್ನೊಂದು ಸಲ ಬರ್ತೀನಮ್ಮ ಅಂತ ಹೂವಿನ ಹಾರ ಸರಿಮಾಡಿಕೊಂಡು ಹೊರಟರು. ಒಬ್ಬರನ್ನು ಹಿಂಬಾಲಕರು ಎರಡೂ ರಟ್ಟೆ ಹಿಡಿದು ದಾಟಿಸಿದರು. ಅವರ ಕಾಲು ಹಲಗೆಗೆ ತಗಲಿತೋ ಇಲ್ಲವೋ ಹೇಳಲಾರೆ. ಮತ್ತೊಬ್ಬರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಅರ್ಧ ದಾರಿಯಲ್ಲಿ ನಿಂತು ಗುಂಡಿಯೊಳಗೆ ಬಗ್ಗಿ ನೋಡಿದರು. ಇದನ್ನ ಅಗೆದು ಎಷ್ಟು ದಿನ ಆಯ್ತು ಅಂತ ಕೇಳಿದ್ದು ಅವರೊಬ್ಬರೇ. ಒಳಗೆ ಹೋಗಿ ಯಜಮಾನರ ಪಕ್ಕ ಕೂತು ನೀರು ಕುಡಿದು, ಬರುವಾಗ ಮತ್ತೆ ತಾವೇ ದಾಟಿದರು. ಅವರೂ ಕಳ್ಳರೇ ಇರಬಹುದು. ಆದರೆ ಅವತ್ತು ರಾತ್ರಿ ನಾನು ಅವರ ಕರಪತ್ರವನ್ನು ರುಬ್ಬುಗಲ್ಲಿನ ಕೆಳಗಿಂದ ತೆಗೆದು ಪೂರ್ತಿ ಓದಿದೆ. ಉಳಿದವರದ್ದನ್ನೂ ಓದಿದೆ.

ಮತದಾನದ ದಿನ ಏಳು ಗಂಟೆಗೇ ಮೇಡಂ ಒಂದೊಂದು ಗೇಟಿನ ಚಿಲಕ ಬಡಿಯುತ್ತ ಬಂದರು. ನಮ್ಮ ಮನೆಯವರು ಮಸಿಯ ಮಾತು ತೆಗೆಯುವ ಮೊದಲೇ, ಮೊದಲು ಏಳ್ರಿ, ಆಮ್ಯಾಲೆ ಮಾತಾಡೂಣು ಅಂದುಬಿಟ್ಟರು. ಇವರು ಮುಖ ತೊಳೆದುಕೊಂಡು ಬಂದು ಸಾಲಿನಲ್ಲಿ ನಿಂತರು. ಯಜಮಾನರನ್ನು ನಾಲ್ಕು ಜನ ಕುರ್ಚಿಸಮೇತ ಎತ್ತಿ ಹಲಗೆ ದಾಟಿಸಿದರು. ಅವರು ಶೂ ಒರೆಸಿಕೊಂಡಿದ್ದರು.

ನನ್ನ ಸರದಿ ಬಂತು. ಬೆರಳಿಗೆ ಶಾಯಿ ಹಾಕಿದರು. ರಟ್ಟಿನ ಮರೆಯ ಹಿಂದೆ ಯಂತ್ರದ ಮುಂದೆ ನಿಂತರೆ ಕೈ ಮುಂದೆ ಹೋಗಲೇ ಇಲ್ಲ. ಇಷ್ಟು ವರ್ಷ ಗುರುತನ್ನು ಹುಡುಕಿ ಒತ್ತಿ ಬಂದಿದ್ದೆನೇ ಹೊರತು ಹೆಸರುಗಳನ್ನು ಓದಿರಲಿಲ್ಲ. ಮೇಲಿನಿಂದ ಕೆಳಗೆ ಎಲ್ಲ ಹೆಸರುಗಳನ್ನು ಓದಿದೆ. ಮತ್ತೊಂದು ಸಲ ಓದಿದೆ. ಮೇಜಿನ ಹಿಂದಿನಿಂದ ಅಧಿಕಾರಿ, ಏನಾದ್ರೂ ತೊಂದರೆನಾ ಮೇಡಂ, ಬಟನ್ ಗೊತ್ತಾಗ್ತಿಲ್ವಾ ಅಂತ ಕೇಳಿದರು.

"ಗೊತ್ತಾಗ್ತಿದೆ ಸಾರ್. ಯೋಚನೆ ಮಾಡ್ತಾ ಇದೀನಿ," ಅಂದೆ.

ಸಾಲಿನಲ್ಲಿ ಯಾರೋ ನಕ್ಕರು. ನಾನು ಒತ್ತಿದೆ. ಗಾಜಿನ ಹಿಂದೆ ಚೀಟಿ ಕಾಣಿಸಿಕೊಂಡು, ಸ್ವಲ್ಪ ಹೊತ್ತು ನಿಂತು, ಕತ್ತರಿಸಿ ಬಿತ್ತು.

ನಾನು ಒತ್ತಿದವರು ಗೆದ್ದರೋ ಇಲ್ಲವೋ ಅದು ನನ್ನಲ್ಲೇ ಇರಲಿ. ಚಪ್ಪಡಿಗಳು ಬಂದದ್ದು ಮಾತ್ರ ಆಷಾಢದಲ್ಲಿ, ಅದೂ ರಸ್ತೆಯ ಒಂದು ಬದಿಗೆ. ಅದೃಷ್ಟಕ್ಕೆ ಎದುರು ಮನೆ ಆ ಬದಿಯಲ್ಲಿದೆ. ನಮ್ಮ ಬದಿಗೆ ಇನ್ನೂ ಹಲಗೆಯೇ. ಅದಕ್ಕೆ ನಾವು ಮತ್ತೆ ಅರ್ಜಿ ಕೊಟ್ಟಿದ್ದೇವೆ. ಈ ಸಲ ನಂಬರ್ ಒತ್ತಿ ನೋಡಿ ಪಿ.ಎ. ಅರ್ಜಿಯನ್ನು ಓದಿದರು, ಕನ್ನಡದ್ದನ್ನು.

ಓಟಿನ ದಿನ ಬೂತಿನಿಂದ ನೇರವಾಗಿ ಮೆಟ್ರೋ ಹತ್ತಿದೆ. ರಜೆಯ ದಿನ, ರೈಲು ಖಾಲಿ ಇತ್ತು. ನಾಯಂಡಹಳ್ಳಿ, ಮೈಸೂರು ರಸ್ತೆ, ದೀಪಾಂಜಲಿ ನಗರ ದಾಟುವಾಗ ಬೆಳಗಿನ ಬಿಸಿಲು ಸೀಟುಗಳ ಮೇಲೆ ಓಡುತ್ತಿತ್ತು. ವಿಜಯನಗರದಲ್ಲಿ ಇಳಿದು ಮನೆ ತಲುಪಿದಾಗ ಹತ್ತೂವರೆ. ಅಕ್ಕ ತಂಗಿ ಆಗಲೇ ಓಟು ಹಾಕಿ ಬಂದು ಒಳಗೆ ಮಾವಿನಕಾಯಿ ತುರಿಯುತ್ತಿದ್ದರು. ಅಮ್ಮ ಗೇಟಿನ ಹತ್ತಿರ ನಿಂತಿದ್ದಳು. ಯಾರಿಗೋ ಕಾಯುತ್ತಿರುವ ಹಾಗೆ ಕಾಣಬಾರದು ಅಂತ ಕೈಯಲ್ಲೊಂದು ಪೊರಕೆ ಹಿಡಿದುಕೊಂಡಿದ್ದಳು.

ಪಕ್ಕದ ಮನೆಯವರು ಹೊರಗೆ ಬಂದು, ಏನಮ್ಮ, ಓಟು ಹಾಕಕ್ಕೆ ಬಂದ್ಯಾ ಅಂತ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, ಬೀದಿಯ ಆ ತುದಿಗೂ ಕೇಳಿಸುವ ಹಾಗೆ ಉತ್ತರ ಕೊಟ್ಟಳು.

"ಇಲ್ಲ, ಇವಳಿಗೆ ಇಲ್ಲಿ ಓಟಿಲ್ಲ. ಸುಮ್ಮನೆ ಬಂದಿದಾಳೆ."